ಸಿಸೇರಿಯನ್ ಬಳಿಕ ಮೂರನೆಯ ದಿನ "ಹಾಲಿಲ್ಲ" ಎಂಬ ದೂರು: ಉತ್ತರ ಕೊಡಗಿನ ಒಂದು ಪ್ರಕರಣ ಅಧ್ಯಯನ

ಸಿಸೇರಿಯನ್ ಆದ ಬಾಣಂತಿಯರ ವಾರ್ಡಿನಲ್ಲಿ ಮೂರನೆಯ ದಿನ ಅತಿ ಹೆಚ್ಚು ಕೇಳಿಬರುವ ಮಾತು "ಹಾಲೇ ಬರುತ್ತಿಲ್ಲ" ಎಂಬುದು. ಅದನ್ನೇ ರೋಗನಿರ್ಣಯವೆಂದು ಒಪ್ಪಿಕೊಂಡರೆ ಮುಂದಿನ ಹೆಜ್ಜೆ ಡಬ್ಬಿ ಹಾಲು. ದೂರೆಂದು ಮಾತ್ರ ಸ್ವೀಕರಿಸಿದರೆ ಕಾರಣವನ್ನು ಹುಡುಕಬೇಕಾಗುತ್ತದೆ. ಇಲ್ಲಿ ವಿವರಿಸುವ ಪ್ರಕರಣದಲ್ಲಿ ಆ ಕಾರಣ ಸಿಕ್ಕಿದ್ದು ಹೊಟ್ಟೆಯ ಗಾಯದ ನೋವಿನಲ್ಲಿ. ಆ ನೋವನ್ನು ತಾಯಿ ಮಗುವಿನ ಹಿತಕ್ಕೆಂದೇ ಮಾತ್ರೆಯಿಲ್ಲದೆ ಸಹಿಸುತ್ತಿದ್ದರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5ರಷ್ಟು ಸಿಸೇರಿಯನ್ ಮೂಲಕ ಆಗಿದ್ದವು, ದೇಶದ ಸರಾಸರಿ ಶೇ 21.5 ಇತ್ತು. ಮೂರರಲ್ಲಿ ಒಬ್ಬರಷ್ಟು ತಾಯಂದಿರು ಹೊಲಿಗೆಯ ಗಾಯದೊಂದಿಗೆ ಹಾಲೂಡಿಸಲು ಆರಂಭಿಸುವ ರಾಜ್ಯದಲ್ಲಿ ಈ ವಿಷಯಕ್ಕೆ ಸಿಗುತ್ತಿರುವ ಗಮನ ಸಾಲದು ಎಂಬುದು ನನ್ನ ಅಭಿಪ್ರಾಯ. ತಾಯಿ ಮತ್ತು ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಹಿನ್ನೆಲೆ

ತಾಯಿಗೆ 27 ವರ್ಷ, ಮೊದಲ ಹೆರಿಗೆ. ತವರು ಶನಿವಾರಸಂತೆ ಹೋಬಳಿಯ ಒಂದು ಹಳ್ಳಿ. ಗಂಡನ ಮನೆ ಸುಂಟಿಕೊಪ್ಪದ ಕಡೆ. ಗಂಡ ಕಾಫಿ ತೋಟವೊಂದರಲ್ಲಿ ರೈಟರ್ (ಗುಮಾಸ್ತ) ಕೆಲಸದಲ್ಲಿದ್ದರು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆಯಾಗಲಿ, ಥೈರಾಯ್ಡ್ ತೊಂದರೆಯಾಗಲಿ ಕಾಣಿಸಿರಲಿಲ್ಲ. ಹಿಮೋಗ್ಲೋಬಿನ್ ಮಾತ್ರ ಸ್ವಲ್ಪ ಕಡಿಮೆ, 10.2 ಗ್ರಾಂ ಇತ್ತು. ಎದೆಯ ಗಾತ್ರ ಬಸುರಿನಲ್ಲಿ ಹೆಚ್ಚಿತ್ತು, ತೊಟ್ಟಿನ ಸುತ್ತಲಿನ ಭಾಗ ಕಪ್ಪಾಗಿತ್ತು. ಈ ಎರಡು ಬದಲಾವಣೆಗಳನ್ನು ಕೇಳಿ ತಿಳಿಯುವುದು ಮುಖ್ಯ, ಏಕೆಂದರೆ ಹಾಲು ಉತ್ಪಾದಿಸುವ ಗ್ರಂಥಿಗಳು ಬೆಳೆದಿವೆ ಎಂಬುದಕ್ಕೆ ಅವು ಸುಲಭವಾಗಿ ಸಿಗುವ ಸೂಚನೆಗಳು.

39 ವಾರ ತುಂಬಿದ ಮೇಲೆ, ಜುಲೈ ತಿಂಗಳ ಜಡಿಮಳೆಯ ನಡುವೆ, ಹೆರಿಗೆ ನೋವು ತಾನಾಗಿ ಆರಂಭವಾಯಿತು. ಹದಿನಾರು ಗಂಟೆ ಕಳೆದರೂ ಹೆರಿಗೆ ಮುಂದುವರಿಯದೆ, ಮಗುವಿನ ಹೃದಯ ಬಡಿತದಲ್ಲಿ ಏರುಪೇರು ಕಂಡದ್ದರಿಂದ ಬೆನ್ನಿಗೆ ಅರಿವಳಿಕೆ ಕೊಟ್ಟು ತುರ್ತು ಶಸ್ತ್ರಚಿಕಿತ್ಸೆ ಮಾಡಲಾಯಿತು. ಅತಿಯಾದ ರಕ್ತಸ್ರಾವವಾಗಲಿಲ್ಲ. ಹೆಣ್ಣು ಮಗು, ತೂಕ 2.98 ಕಿಲೋ, ಹುಟ್ಟಿದ ಕೂಡಲೇ ಅತ್ತಿತು.

ಮುಂದಿನ ಕೆಲವು ಗಂಟೆಗಳಲ್ಲಿ ನಡೆದದ್ದು ಈ ಪ್ರಕರಣದ ಮೊದಲ ಕೊಂಡಿ. ಮಗುವನ್ನು ತಾಯಿಗೆ ತೋರಿಸಿ, ಬಟ್ಟೆಯಲ್ಲಿ ಸುತ್ತಿ, ಹೊರಗೆ ಕಾಯುತ್ತಿದ್ದ ಅಜ್ಜಿಯ ಕೈಗೆ ಕೊಡಲಾಯಿತು. ತಾಯಿ ಶಸ್ತ್ರಚಿಕಿತ್ಸೆಯ ನಂತರದ ನಿಗಾ ಕೋಣೆಯಲ್ಲಿಯೇ ಉಳಿದರು. ಅಷ್ಟರಲ್ಲಿ ಮಗು ತುಟಿ ಚಪ್ಪರಿಸಿ ಅತ್ತಾಗ ನೆಂಟರೊಬ್ಬರು ನಾಲಿಗೆಗೆ ಜೇನು ಮುಟ್ಟಿಸಿದರು, ಬಳಿಕ ಹತ್ತಿಯಲ್ಲಿ ಅದ್ದಿ ಸಕ್ಕರೆ ನೀರು ಕೊಟ್ಟರು. ಮಗು ಎದೆಗೆ ಬಂದದ್ದು ಆರನೆಯ ಗಂಟೆಯಲ್ಲಿ. ಬೆನ್ನಿಗೆ ಅರಿವಳಿಕೆ ಪಡೆದ ತಾಯಿ ಎಚ್ಚರವಾಗಿಯೇ ಇರುತ್ತಾರೆ. ತಾಯಿ, ಮಗು ಇಬ್ಬರೂ ಸ್ಥಿರವಾಗಿದ್ದರೆ ಹೊಲಿಗೆ ಹಾಕುತ್ತಿರುವಾಗಲೇ ಮಗುವನ್ನು ಬರಿ ಮೈಯಲ್ಲಿ ತಾಯಿಯ ಎದೆಯ ಮೇಲೆ ಮಲಗಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ಒಂದು ಗಂಟೆಯೊಳಗೆ ಹಾಲೂಡಿಸಲು ಹೇಳುವುದು ಸಿಸೇರಿಯನ್ ಹೆರಿಗೆಗೂ ಅನ್ವಯಿಸುತ್ತದೆ. ಮೊದಲ ಒಂದೆರಡು ಗಂಟೆ ಕಣ್ಣರಳಿಸಿ ಚುರುಕಾಗಿರುವ ಮಗು ಅನಂತರ ದೀರ್ಘ ನಿದ್ದೆಗೆ ಜಾರುತ್ತದೆ. ಈ ಮಗುವಿನ ಚುರುಕಿನ ಹೊತ್ತು ಸಕ್ಕರೆ ನೀರಿನಲ್ಲಿ ಕಳೆದುಹೋಯಿತು.

ಕೊಡಗಿನ ಜೇನಿಗೆ ಒಳ್ಳೆಯ ಹೆಸರಿದೆ, ಮನೆಮನೆಯಲ್ಲೂ ಒಂದು ಬಾಟಲಿ ಇರುತ್ತದೆ, ಮತ್ತು ಅದನ್ನು ಮಗುವಿನ ನಾಲಿಗೆಗೆ ಮುಟ್ಟಿಸುವುದು ಪ್ರೀತಿಯಿಂದಲೇ. ಆದರೂ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಇರಬಹುದು, ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷವನ್ನು ಉಂಟುಮಾಡಬಲ್ಲವು. ಜೇನು ಎಷ್ಟೇ ಶುದ್ಧವಾಗಿದ್ದರೂ ಈ ಅಪಾಯ ತಪ್ಪುವುದಿಲ್ಲವಾದ್ದರಿಂದ ವರ್ಷ ತುಂಬುವವರೆಗೆ ಅದು ಬೇಡ.

ಮೂರನೆಯ ದಿನದ ಸ್ಥಿತಿ

ಹುಟ್ಟಿ ಸುಮಾರು 62 ಗಂಟೆಯಾಗಿದ್ದಾಗ ಹಾಲೂಡಿಸುವ ಬಗ್ಗೆ ಸಲಹೆಗಾಗಿ ಈ ತಾಯಿಯನ್ನು ನೋಡಲು ನಮಗೆ ಹೇಳಿಕಳುಹಿಸಲಾಯಿತು. ಮಗುವಿನ ತೂಕ 2.66 ಕಿಲೋ, ಅಂದರೆ ಹುಟ್ಟಿದ ತೂಕದಲ್ಲಿ ಶೇ 10.7ರಷ್ಟು ಇಳಿಕೆ. ಹಿಂದಿನ 24 ಗಂಟೆಗಳಲ್ಲಿ ಎರಡೇ ಸಲ ಮೂತ್ರ ಮಾಡಿತ್ತು, ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯ ಬಣ್ಣದ ಕಲೆ ಇತ್ತು. ಮಲ ಇನ್ನೂ ಕಪ್ಪು ಹಸಿರು. ಮುಖ ಮತ್ತು ಎದೆಯವರೆಗೆ ಹಳದಿ ಛಾಯೆ ಕಾಣುತ್ತಿತ್ತು. ಈ ಹಳದಿಗೆ ಕಾರಣವಾದ ಬಿಲಿರುಬಿನ್ ಎಂಬ ವಸ್ತು ರಕ್ತದಲ್ಲಿ 12.4 ಇದ್ದು, ಆ ವಯಸ್ಸಿನ ತುಂಬು ತಿಂಗಳ ಮಗುವಿಗೆ ಬೆಳಕಿನ ಚಿಕಿತ್ಸೆ ಬೇಕಾಗುವ ಮಟ್ಟಕ್ಕಿಂತ ಕೆಳಗಿತ್ತು. ರಕ್ತದ ಸಕ್ಕರೆ ಸರಿಯಾಗಿತ್ತು, ಸೋಡಿಯಂ ಮಿತಿಗಿಂತ ತುಸು ಮೇಲಿತ್ತು. ಮಗು ಎಬ್ಬಿಸಿದರೆ ಏಳುತ್ತಿತ್ತು, ಹೀರುತ್ತಿತ್ತು, ಎರಡು ನಿಮಿಷದಲ್ಲಿ ಮತ್ತೆ ನಿದ್ದೆಗೆ ಜಾರುತ್ತಿತ್ತು.

ಹುಟ್ಟಿದ ಮಗು ಮೊದಲ ದಿನಗಳಲ್ಲಿ ತೂಕ ಕಳೆದುಕೊಳ್ಳುವುದು ಸಹಜ, ಸಿಸೇರಿಯನ್ ಮಕ್ಕಳಲ್ಲಿ ಈ ಇಳಿಕೆ ಸ್ವಲ್ಪ ಹೆಚ್ಚು. ದೀರ್ಘ ಹೆರಿಗೆಯಲ್ಲಿ ತಾಯಿಗೆ ಕೊಟ್ಟ ಡ್ರಿಪ್‌ನ ದ್ರವದ ಒಂದು ಪಾಲು ಮಗುವಿನ ಹುಟ್ಟು ತೂಕದಲ್ಲಿಯೂ ಸೇರಿರುತ್ತದೆ. ಮಗು ಅದನ್ನು ಮೂತ್ರವಾಗಿ ಹೊರಹಾಕಿದಾಗ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆ ವಿವರಣೆಯಿಂದ ಇಲ್ಲಿ ಸಮಾಧಾನ ಪಡಲು ಸಾಧ್ಯವಿರಲಿಲ್ಲ. ದ್ರವ ಹೊರಹೋಗಿ ತೂಕ ಇಳಿದಿದ್ದರೆ ಮೂತ್ರ ಧಾರಾಳವಾಗಿರಬೇಕಿತ್ತು. ಇಲ್ಲಿ ಮೂತ್ರ ಕಡಿಮೆ, ಇಟ್ಟಿಗೆ ಬಣ್ಣದ ಕಲೆ, ಬಣ್ಣ ಬದಲಾಗದ ಮಲ, ಏರುತ್ತಿದ್ದ ಹಳದಿ, ಎಲ್ಲವೂ ಒಂದೇ ಕಡೆಗೆ ಬೊಟ್ಟು ಮಾಡುತ್ತಿದ್ದವು. ಮಗುವಿಗೆ ಹೊಟ್ಟೆಗೆ ಸಾಲುತ್ತಿರಲಿಲ್ಲ.

ಆದರೆ ತಾಯಿಯ ಎದೆಯನ್ನು ಪರೀಕ್ಷಿಸಿದಾಗ ಬೇರೆ ಚಿತ್ರ ಕಂಡಿತು. ಬಲಗಡೆ ತುಸು ಭಾರವಾಗಿತ್ತು, ಎಡಗಡೆ ಮೃದುವಾಗಿತ್ತು. ಕೈಯಿಂದ ಹಿಂಡಿ ತೋರಿಸಿದಾಗ ಎರಡೂ ಕಡೆ ದಪ್ಪ ಹಳದಿ ಹಾಲಿನ ಹನಿಗಳು ಬಂದವು. ಅದನ್ನು ಕಂಡು ತಾಯಿಗೆ ಆಶ್ಚರ್ಯವಾಯಿತು. ಎರಡು ದಿನಗಳಿಂದ ತಮ್ಮ ಎದೆ ಖಾಲಿಯೆಂದೇ ಅವರು ನಂಬಿದ್ದರು.

ಹಾಲು ಉತ್ಪಾದನೆಯಾಗುವುದಕ್ಕೂ ಹೊಟ್ಟೆಯ ಮೇಲಿನ ಗಾಯಕ್ಕೂ ನೇರ ಸಂಬಂಧವಿಲ್ಲ. ಮಾಸು ಗರ್ಭಕೋಶದಿಂದ ಹೊರಬಂದಾಗ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಕುಸಿಯುತ್ತದೆ, ಆ ಕುಸಿತವೇ ಹೇರಳ ಹಾಲಿನ ಉತ್ಪಾದನೆಗೆ ಚಾಲನೆ ಕೊಡುತ್ತದೆ. ಮಾಸು ಯಾವ ದಾರಿಯಿಂದ ಬಂದರೂ ಈ ಪ್ರಕ್ರಿಯೆ ಒಂದೇ. ಎರಡರಿಂದ ಮೂರು ದಿನಗಳಲ್ಲಿ ಎದೆ ತುಂಬಿಕೊಳ್ಳುತ್ತದೆ. ಚೊಚ್ಚಲ ಹೆರಿಗೆ, ದೀರ್ಘ ನೋವಿನ ಬಳಿಕದ ಶಸ್ತ್ರಚಿಕಿತ್ಸೆ, ತಾಯಿ ಮಗುವಿನ ಅಗಲಿಕೆ ಇವೆಲ್ಲ ಸೇರಿದಾಗ ಅದು ಒಂದು ದಿನ ತಡವಾಗಬಹುದು. ಅಲ್ಲಿಯವರೆಗೆ ಮಗುವಿಗೆ ಬೇಕಾಗಿರುವುದೂ ಸ್ವಲ್ಪವೇ: ಮೊದಲ ದಿನ ಒಂದು ಸಲಕ್ಕೆ 2ರಿಂದ 10 ಮಿಲಿ, ಎರಡನೆಯ ದಿನ 5ರಿಂದ 15 ಮಿಲಿ, ಮೂರನೆಯ ದಿನ 15ರಿಂದ 30 ಮಿಲಿ. ಈ ಅಳತೆಯನ್ನು ಒಳಲೆಯಲ್ಲಿ (ಮಗುವಿಗೆ ಹಾಲು ಕುಡಿಸುವ ಕೊಕ್ಕಿನ ಪುಟ್ಟ ಬಟ್ಟಲು) ತೋರಿಸಿದಾಗ ಅಜ್ಜಿ ಅದನ್ನು ಬಹಳ ಹೊತ್ತು ನೋಡುತ್ತಿದ್ದರು. ಆದರೆ ಇಷ್ಟನ್ನೂ ಮಗು ಆಗಾಗ ಹೀರಿದರೆ ಮಾತ್ರ ಪಡೆಯುತ್ತದೆ. ಈ ಮಗುವಿಗೆ ದಿನಕ್ಕೆ ಐದು ಸಲ ಮಾತ್ರ ಎದೆ ಸಿಕ್ಕಿತ್ತು, ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಮ್ಮೆಯೂ ಇಲ್ಲ.

ಕಾರಣದ ಹುಡುಕಾಟ

ಐದೇ ಸಲ ಏಕೆ, ಅದೂ ಬಲಗಡೆ ಮಾತ್ರ ಏಕೆ ಎಂಬ ಪ್ರಶ್ನೆಗೆ ಉತ್ತರ ಹಾಲೂಡಿಸುವುದನ್ನು ಕೂತು ನೋಡಿದಾಗ ಸಿಕ್ಕಿತು. ತಾಯಿ ಅಂಗಾತ ಮಲಗಿದ್ದರು. ಎಡಗೈಯಲ್ಲಿ ಡ್ರಿಪ್‌ನ ಸೂಜಿ ಇನ್ನೂ ಇತ್ತು. ಅಜ್ಜಿ ಮಂಚದ ಬಲಬದಿಯ ಸ್ಟೂಲಿನಿಂದ ಎದ್ದು ಮಗುವನ್ನು ತಾಯಿಯ ಎದೆಯ ಮೇಲೆ ಅಡ್ಡಲಾಗಿ ಹಿಡಿಯುತ್ತಿದ್ದರು. ಮಗುವಿನ ಕಾಲು ಹೊಲಿಗೆಗೆ ತಾಗಿದೊಡನೆ ತಾಯಿ ಉಸಿರು ಬಿಗಿ ಹಿಡಿಯುತ್ತಿದ್ದರು. ಮಗುವಿನ ಬಾಯಿಗೆ ತೊಟ್ಟಿನ ತುದಿ ಮಾತ್ರ ಸಿಗುತ್ತಿತ್ತು. ಎಡಕ್ಕೆ ಹೊರಳಲು ಹೇಳಿದಾಗ ಆಕೆ ಪ್ರಯತ್ನಿಸಿ, ಅರ್ಧಕ್ಕೇ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡರು. ಮೂರನೆಯ ದಿನಕ್ಕೆ ಇಷ್ಟು ನೋವು ಇರಬಾರದಿತ್ತು.

"ನೋವಿನ ಮಾತ್ರೆ ತಗೊಳ್ತಾ ಇದ್ದೀರಾ?" ಎಂದು ಕೇಳಿದಾಗ ಆಕೆ ತಮ್ಮ ತಾಯಿಯ, ಅಂದರೆ ಮಗುವಿನ ಅಜ್ಜಿಯ, ಮುಖ ನೋಡಿದರು. ಅಜ್ಜಿ ಮರೆಮಾಚದೆ ಹೇಳಿದರು: "ನಾನೇ ಬೇಡ ಅಂದೆ ಸಿಸ್ಟರ್. ಮಾತ್ರೆ ನುಂಗಿದ್ರೆ ಹಾಲಲ್ಲಿ ಮಗೀಗೆ ಹೋಗುತ್ತಲ್ಲ." ಮೊದಲ ದಿನದ ಚುಚ್ಚುಮದ್ದು ಮುಗಿದ ಮೇಲೆ ಕೊಟ್ಟ ಮಾತ್ರೆಗಳೆಲ್ಲ ದಿಂಬಿನ ಕೆಳಗೆ ಕಾಗದದಲ್ಲಿ ಮಡಚಿ ಇದ್ದವು. ಹೊಲಿಗೆ ಕೀವು ತುಂಬೀತೆಂಬ ಭಯದಿಂದ ನೀರನ್ನೂ ಗುಟುಕು ಲೆಕ್ಕದಲ್ಲಿ ಕೊಡುತ್ತಿದ್ದರು.

ಇಲ್ಲಿಂದ ಇಡೀ ಸರಣಿ ಸ್ಪಷ್ಟವಾಯಿತು. ನೋವಿನಿಂದಾಗಿ ತಾಯಿಗೆ ಹೊರಳಲು ಆಗುತ್ತಿರಲಿಲ್ಲ. ಹೊರಳಲಾಗದ್ದರಿಂದ ಒಂದೇ ಕಡೆ, ಅದೂ ತಪ್ಪು ಭಂಗಿಯಲ್ಲಿ ಹಾಲೂಡಿಸುತ್ತಿದ್ದರು. ರಾತ್ರಿ ಪ್ರತಿ ಸಲ ಅಜ್ಜಿಯನ್ನು ಎಬ್ಬಿಸಲು ಸಂಕೋಚಪಟ್ಟು ಮಗು ಮಲಗಿದ್ದರೆ ಮಲಗಲಿ ಎಂದು ಬಿಡುತ್ತಿದ್ದರು. ನೋವು ಮತ್ತು ಆತಂಕ ಆಕ್ಸಿಟೋಸಿನ್ ಹಾರ್ಮೋನಿನ ಬಿಡುಗಡೆಯನ್ನು ತಡೆಯುತ್ತವೆ. ಎದೆಯೊಳಗಿನ ಹಾಲನ್ನು ತೊಟ್ಟಿನ ಕಡೆಗೆ ತಳ್ಳುವುದು ಆ ಹಾರ್ಮೋನ್ ಆದ್ದರಿಂದ ಇದ್ದ ಹಾಲೂ ಸರಾಗವಾಗಿ ಇಳಿಯಲಿಲ್ಲ. ರಾತ್ರಿಯ ಹೀರುವಿಕೆ ತಪ್ಪಿದ್ದರಿಂದ ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಾಗಿ ಏರುವ ಹೊತ್ತೂ ವ್ಯರ್ಥವಾಯಿತು. ಇದರ ಜೊತೆಗೆ ಮಳೆಗಾಲದ ಥಂಡಿಗೆ ಹೆದರಿ ಮಗುವಿಗೆ ಟೊಪ್ಪಿ, ಸ್ವೆಟರ್, ಎರಡು ಹೊದಿಕೆ ಬಿಗಿಯಾಗಿ ಸುತ್ತಿದ್ದರು. ಹಾಗೆ ಸುತ್ತಿದ ಮಗು ಕೈಯನ್ನು ಬಾಯಿಗೆ ತರಲಾರದು, ಹಸಿವಿನ ಮೊದಲ ಸೂಚನೆಗಳನ್ನು ತೋರಿಸಲಾರದು, ಬೆಚ್ಚಗೆ ನಿದ್ದೆ ಮಾಡುತ್ತಲೇ ಇರುತ್ತದೆ.

ಅಜ್ಜಿಯ ಭಯ ಬುಡವಿಲ್ಲದ್ದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಔಷಧ ಹಾಲಿನಲ್ಲಿ ಹೋಗುತ್ತದೆ ಎಂಬ ತಿಳಿವಳಿಕೆ ಸರಿ. ಎಷ್ಟು ಹೋಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಐಬುಪ್ರೊಫೆನ್ ವಿಷಯದಲ್ಲಿ ಮಗುವಿನ ಮೈತೂಕಕ್ಕೆ ಹೋಲಿಸಿ ನೋಡಿದರೆ ಹಾಲಿನ ಮೂಲಕ ಸಿಗುವುದು ತಾಯಿಯ ಪ್ರಮಾಣದ ಶೇ 1ಕ್ಕಿಂತ ಕಡಿಮೆ. ಪ್ಯಾರಾಸಿಟಮಾಲ್ ಅನ್ನು ಜ್ವರ ಬಂದ ಶಿಶುಗಳಿಗೆ ನೇರವಾಗಿಯೇ ಕೊಡಲಾಗುತ್ತದೆ, ಹಾಲಿನಲ್ಲಿ ಬರುವುದು ಅದಕ್ಕಿಂತ ಎಷ್ಟೋ ಕಡಿಮೆ. ಎಚ್ಚರ ಬೇಕಾಗಿರುವುದು ಬೇರೆ ಗುಂಪಿನ ಔಷಧಗಳಲ್ಲಿ: ಕೋಡಿನ್ ಮತ್ತು ಟ್ರಮಡಾಲ್ ಕೆಲವು ತಾಯಂದಿರ ದೇಹದಲ್ಲಿ ಅತಿ ವೇಗವಾಗಿ ಪರಿವರ್ತನೆಗೊಂಡು ಹಾಲಿನ ಮೂಲಕ ಮಗುವಿಗೆ ಅತಿಯಾದ ಮಂಪರು ಮತ್ತು ಉಸಿರಾಟದ ತೊಂದರೆ ತರಬಹುದೆಂಬ ಕಾರಣಕ್ಕೆ, ಹಾಲೂಡಿಸುವವರು ಅವನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ. ಈ ತಾಯಿಗೆ ಬರೆದುಕೊಟ್ಟಿದ್ದು ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಮಾತ್ರ.

ಕೈಗೊಂಡ ಕ್ರಮ

ನೋವು ತಗ್ಗಿಸುವುದೇ ಮೊದಲ ಚಿಕಿತ್ಸೆಯಾಯಿತು. ನೋವು ಬಂದಾಗ ಮಾತ್ರೆ ಎಂಬ ಕ್ರಮವನ್ನು ಬಿಟ್ಟು, ವೈದ್ಯರು ಬರೆದ ಹೊತ್ತಿಗೆ ಸರಿಯಾಗಿ ನುಂಗುವಂತೆ ಗೊತ್ತುಮಾಡಲಾಯಿತು. ಒಂದು ಗಂಟೆಯ ನಂತರ ಆಕೆ ಅಜ್ಜಿಯ ಕೈ ಹಿಡಿದು ತಾವಾಗಿ ಎಡಮಗ್ಗುಲಿಗೆ ಹೊರಳಿದರು. ಉಪಯೋಗವಿಲ್ಲದೆ ಉಳಿದಿದ್ದ ಡ್ರಿಪ್‌ನ ಸೂಜಿಯನ್ನು ತೆಗೆಸಲಾಯಿತು.

ಮಗ್ಗುಲಾಗಿ ಮಲಗಿ ಹಾಲೂಡಿಸುವುದು ರಾತ್ರಿಗೆ, ಕಂಕುಳ ಕೆಳಗೆ ಮಗುವನ್ನು ಹಿಡಿದುಕೊಳ್ಳುವುದು ಹಗಲಿಗೆ ಎಂದು ಗೊತ್ತುಮಾಡಿದೆವು. ಎರಡನೆಯ ಭಂಗಿಯಲ್ಲಿ ತಾಯಿ ದಿಂಬಿಗೊರಗಿ ಕೂರುತ್ತಾರೆ. ಪಕ್ಕದಲ್ಲಿ ಇನ್ನೊಂದು ದಿಂಬಿಟ್ಟು ಅದರ ಮೇಲೆ ಮಗುವನ್ನು ಮಲಗಿಸಿದಾಗ ಮಗುವಿನ ಕಾಲು ತಾಯಿಯ ಬೆನ್ನಿನ ಕಡೆಗೆ ಹೋಗುತ್ತದೆ, ತಲೆ ಅಂಗೈಯಲ್ಲಿ ನಿಲ್ಲುತ್ತದೆ, ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ತೊಟ್ಟಿನಿಂದ ಮಗುವಿನ ಮೇಲ್ದುಟಿಯನ್ನು ಸವರಿ, ಬಾಯಿ ಅಗಲವಾಗಿ ತೆರೆಯುವವರೆಗೆ ಕಾದು, ಮಗುವನ್ನು ಎದೆಯತ್ತ ತರಬೇಕು. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ದುಟಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಹೀರುವಿಕೆ ನಿಧಾನವಾದಾಗ ಎದೆಯನ್ನು ಕೈಯಿಂದ ಮೆಲ್ಲಗೆ ಒತ್ತಿ ಹಿಡಿದರೆ ಹಾಲಿನ ಹರಿವು ಹೆಚ್ಚಿ ಮಗು ಮತ್ತೆ ನುಂಗತೊಡಗುತ್ತದೆ. ನಿದ್ದೆಗೆ ಜಾರುತ್ತಿದ್ದ ಈ ಮಗುವಿಗೆ ಅದು ಬಹಳ ಉಪಯೋಗವಾಯಿತು. ಪ್ರತಿ ಎರಡು ಎರಡೂವರೆ ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಎರಡೂ ಕಡೆ.

ಆದರೆ ಶೇ 10.7ರಷ್ಟು ತೂಕ ಕಳೆದುಕೊಂಡ ಮಗುವಿನ ಮುಂದೆ ಭಂಗಿ ಸರಿಪಡಿಸಿ ಕಾಯುತ್ತ ಕೂರುವುದು ಸರಿಯಲ್ಲ. ಅದಕ್ಕೆ ಆ ಹೊತ್ತಿಗೇ ಆಹಾರ ಬೇಕಿತ್ತು. ಪ್ರತಿ ಸಲ ಹಾಲೂಡಿಸಿದ ಮೇಲೆ ತಾಯಿ ಎರಡೂ ಕಡೆ ಕೈಯಿಂದ ಹಿಂಡಿ ತೆಗೆದ ಹಾಲನ್ನು ಒಳಲೆಯಲ್ಲಿ ಕೊಡಲಾಯಿತು: ಮೊದಲ ಸಲ 6 ಮಿಲಿ, ಸಂಜೆಗೆ 11 ಮಿಲಿ. ದಾನಿಗಳ ಎದೆಹಾಲು ಸಿಗುವಂತಿರಲಿಲ್ಲವಾದ್ದರಿಂದ, ಉಳಿದ ಕೊರತೆಯನ್ನು ಮಕ್ಕಳ ತಜ್ಞರ ಲಿಖಿತ ಸೂಚನೆಯ ಮೇರೆಗೆ ಡಬ್ಬಿ ಹಾಲಿನಿಂದ ತುಂಬಿಸಲಾಯಿತು. ಮೊದಲ ರಾತ್ರಿ ಸಲಕ್ಕೆ 15 ಮಿಲಿಯಂತೆ, ಎದೆಹಾಲಿನ ನಂತರವೇ, ಒಳಲೆಯಲ್ಲಿಯೇ. ಬಾಟಲಿ ಕೊಡಲಿಲ್ಲ. ಡಬ್ಬಿ ಹಾಲನ್ನು ಸೋಲಿನ ಗುರುತೆಂದು ತಾಯಿಗೆ ಅನ್ನಿಸುವಂತೆ ಮಾಡುವುದು ಎಷ್ಟು ತಪ್ಪೋ, ಕಾರಣ ಹುಡುಕದೆ, ಅಳತೆಯಿಲ್ಲದೆ, ನಿಲ್ಲಿಸುವ ದಿನ ಗೊತ್ತುಮಾಡದೆ ಅದನ್ನು ಶುರುಮಾಡುವುದೂ ಅಷ್ಟೇ ತಪ್ಪು. ಈ ಕುಟುಂಬ ಅದಾಗಲೇ ಅಂಗಡಿಯಿಂದ ಒಂದು ಡಬ್ಬಿ ತಂದಿಟ್ಟುಕೊಂಡಿತ್ತು. ಶಿಶು ಹಾಲಿನ ಬದಲಿಗಳ ಕುರಿತ 1992ರ ಕಾಯ್ದೆ ಮತ್ತು 2003ರ ತಿದ್ದುಪಡಿ ಇಂಥ ವಸ್ತುಗಳ ಜಾಹೀರಾತನ್ನೂ ಉಚಿತ ಮಾದರಿಯನ್ನೂ ನಿಷೇಧಿಸಿದ್ದರೂ, ಭಯಗೊಂಡ ಮನೆಯವರಿಗೆ ಜಾಹೀರಾತಿನ ಅಗತ್ಯವೇ ಇರುವುದಿಲ್ಲ.

ಅಜ್ಜಿಗೆ ಕೊಟ್ಟ ಕೆಲಸ ಈ ಯೋಜನೆಯ ಬೆನ್ನೆಲುಬು ಎಂದೇ ನಾನು ಭಾವಿಸುತ್ತೇನೆ. ಮಾತ್ರೆ ಬೇಡವೆಂದವರನ್ನು ಗದರಿ ಬದಿಗೆ ಸರಿಸಿದ್ದರೆ ಆ ರಾತ್ರಿ ಮಗುವನ್ನು ಎತ್ತಿಕೊಡುವವರು ಯಾರೂ ಇರುತ್ತಿರಲಿಲ್ಲ. "ಅಮ್ಮಾ, ಹಾಲು ಕೊಡೋದು ಮಗಳ ಕೆಲಸ, ಮಗೂನ ಎಬ್ಬಿಸೋದು ನಿಮ್ಮ ಕೆಲಸ" ಎಂದಾಗ ಅವರು ಒಪ್ಪಿಕೊಂಡರು. ಹೊದಿಕೆ ಬಿಚ್ಚುವುದು, ಒದ್ದೆ ಬಟ್ಟೆ ಬದಲಿಸುವುದು, ಪಾದ ಉಜ್ಜುವುದು, ಮಗುವನ್ನು ಬರಿ ಮೈಯಲ್ಲಿ ಮಗಳ ಎದೆಗೆ ಒರಗಿಸಿ ಇಬ್ಬರ ಮೇಲೂ ಒಂದು ಕಂಬಳಿ ಹೊದಿಸುವುದು, ಮೂತ್ರ ಮಲದ ಲೆಕ್ಕವನ್ನು ಗೋಡೆಯ ಚೀಟಿಯಲ್ಲಿ ಗೀರು ಹಾಕಿ ಇಡುವುದು, ಮಗಳ ಕೈಗೆಟಕುವಂತೆ ಬಿಸಿನೀರಿನ ಫ್ಲಾಸ್ಕ್ ಇಡುವುದು. ಬಾಯಾರಿದಷ್ಟು ನೀರು ಕುಡಿಯುವುದರಿಂದ ಹೊಲಿಗೆ ಕೀವಾಗುವುದಿಲ್ಲ ಎಂಬುದನ್ನು ಅವರು ನಿಧಾನವಾಗಿ, ಪೂರ್ತಿ ಮನಸ್ಸಿಲ್ಲದೆ ಒಪ್ಪಿದರು. ನಮಗೆ ಅಷ್ಟು ಸಾಕಾಗಿತ್ತು.

ಫಲಿತಾಂಶ

ನಾಲ್ಕನೆಯ ದಿನ ಬೆಳಗಿನ ಜಾವ ಎರಡೂ ಎದೆ ತುಂಬಿ ಗಟ್ಟಿಯಾದವು, ಎಷ್ಟೆಂದರೆ ಮಗುವಿಗೆ ಬಾಯಿ ಹಿಡಿಯಲು ಕಷ್ಟವಾಯಿತು. ತೊಟ್ಟಿನ ಬುಡದ ಸುತ್ತ ಬೆರಳುಗಳಿಂದ ಒಂದು ನಿಮಿಷ ಒಳಕ್ಕೆ ಒತ್ತಿ ಹಿಡಿದು ಮೃದುಗೊಳಿಸಿದ ಮೇಲೆ ಮಗು ಹಿಡಿಯಿತು. ಹಾಲೂಡಿಸುವುದರ ನಡುವೆ ತಣ್ಣನೆಯ ಬಟ್ಟೆ ಇಟ್ಟದ್ದರಿಂದ ಬಾವು ಇಳಿಯಿತು. ಆ ದಿನದ ತೂಕ 2.68 ಕಿಲೋ. ಮಧ್ಯಾಹ್ನದಿಂದ ಡಬ್ಬಿ ಹಾಲನ್ನು ಕಡಿಮೆ ಮಾಡಿ ಮರುದಿನ ಬೆಳಿಗ್ಗೆ ನಿಲ್ಲಿಸಲಾಯಿತು. ಐದನೆಯ ದಿನ ತೂಕ 2.73 ಕಿಲೋ, 24 ಗಂಟೆಗಳಲ್ಲಿ ಆರು ಸಲ ಮೂತ್ರ, ಮಲ ಹಳದಿಗೆ ತಿರುಗಿತ್ತು, ಬಿಲಿರುಬಿನ್ ಇಳಿಮುಖವಾಗಿತ್ತು.

ಮನೆಗೆ ಕಳುಹಿಸುವ ಮುನ್ನ ಚರ್ಚಿಸಬೇಕಾದ ಒಂದು ವಿಷಯ ಈ ಜಿಲ್ಲೆಗೆ ಮುಖ್ಯವಾದದ್ದು. ಮಳೆಗಾಲದಲ್ಲಿ ಬಾಣಂತಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಕೆಂಡ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಮಲಗಿದವರನ್ನು ಎಚ್ಚರಿಸದೆ ಕೊಲ್ಲಬಲ್ಲದು. ಕೋಣೆಯನ್ನು ಮೊದಲೇ ಬೆಚ್ಚಗಾಗಿಸಿ, ಕೆಂಡವನ್ನು ಹೊರಗಿಟ್ಟು, ಆಮೇಲೆ ತಾಯಿ ಮಗು ಒಳಗೆ ಹೋಗುವುದು ಎಂದು ಅಜ್ಜಿಯೊಂದಿಗೆ ತೀರ್ಮಾನವಾಯಿತು. ಮಗುವನ್ನು ಬೆಚ್ಚಗಿಡಲು ತಾಯಿಯ ಮೈಶಾಖವೇ ಸಾಕು ಎಂಬುದನ್ನು ಅವರು ವಾರ್ಡಿನಲ್ಲಿ ಕಂಡಿದ್ದರು.

2018ರ ಆಗಸ್ಟ್‌ನ ಭೂಕುಸಿತದ ನಂತರ ಮಳೆಗಾಲದಲ್ಲಿ ರಸ್ತೆಯನ್ನು ನಂಬಿ ಯೋಜನೆ ಹಾಕಲು ಇಲ್ಲಿ ಯಾರೂ ಇಷ್ಟಪಡುವುದಿಲ್ಲ. ಆದ್ದರಿಂದ ತೂಕ ನೋಡುವ ಹೊಣೆಯನ್ನು ಊರಿನ ಆಶಾ ಕಾರ್ಯಕರ್ತೆಗೆ ಒಪ್ಪಿಸಲಾಯಿತು. ಗೃಹ ಆಧಾರಿತ ನವಜಾತ ಶಿಶು ಆರೈಕೆಯಲ್ಲಿ ಸಿಸೇರಿಯನ್ ಆದ ತಾಯಂದಿರ ಮನೆಗೆ ಅವರು 7, 14, 21, 28 ಮತ್ತು 42ನೆಯ ದಿನ ಭೇಟಿ ಕೊಡುತ್ತಾರೆ, ತಕ್ಕಡಿ ಮತ್ತು ಥರ್ಮಾಮೀಟರ್ ಅವರ ಚೀಲದಲ್ಲಿಯೇ ಇರುತ್ತವೆ. ದಿನಕ್ಕೆ ಆರಕ್ಕಿಂತ ಕಡಿಮೆ ಮೂತ್ರ, ಅಂಗೈ ಅಂಗಾಲಿಗೆ ಇಳಿದ ಹಳದಿ, ಎಬ್ಬಿಸಿದರೂ ಹಾಲು ಹಿಡಿಯದ ಮಂಪರು, ಜ್ವರ ಅಥವಾ ಮೈ ತಣ್ಣಗಾಗುವುದು, ಇವುಗಳಲ್ಲಿ ಒಂದು ಕಂಡರೂ ಆಶಾ ಬರುವ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಬೇಕೆಂದು ಬರೆದುಕೊಡಲಾಯಿತು. ತಾಯಿಯ ಹೊಲಿಗೆ ಕೆಂಪಾದರೆ, ಸೋರಿದರೆ, ಎದೆಯ ಒಂದು ಭಾಗ ಕೆಂಪಾಗಿ ಜ್ವರ ಬಂದರೆ ಅದಕ್ಕೂ ಅದೇ ಸೂಚನೆ. ಎದೆಯ ಬಾವಿಗೆ ಹೆದರಿ ಹಾಲೂಡಿಸುವುದನ್ನು ನಿಲ್ಲಿಸಬಾರದು, ನಿಲ್ಲಿಸಿದರೆ ಬಾವು ಹೆಚ್ಚುತ್ತದೆ.

ಹದಿನಾಲ್ಕನೆಯ ದಿನ ಮಗುವಿನ ತೂಕ 3.02 ಕಿಲೋ, ಅಂದರೆ ಹುಟ್ಟು ತೂಕವನ್ನು ದಾಟಿತ್ತು. 42ನೆಯ ದಿನ 3.88 ಕಿಲೋ, ಎದೆಹಾಲು ಮಾತ್ರ. ತಾಯಿ ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದರು; ಹೆರಿಗೆಯ ನಂತರ 180 ದಿನ ಅವನ್ನು ಮುಂದುವರಿಸಬೇಕೆಂಬುದನ್ನು ಈಗ ಅಜ್ಜಿಯೇ ನೆನಪಿಸುತ್ತಿದ್ದಾರೆಂದು ತಿಳಿಯಿತು. ಆ ಭೇಟಿಯ ಕೊನೆಗೆ "ತಾಯಿ ಕಾರ್ಡ್" ಎಂಬ ಆರೋಗ್ಯ ದಾಖಲೆಯಲ್ಲಿ ಮುಂದಿನ ಹೆರಿಗೆಯ ವೈದ್ಯರಿಗಾಗಿ ಮೂರು ಸಾಲು ಬರೆಯಲಾಯಿತು: ಮತ್ತೆ ಶಸ್ತ್ರಚಿಕಿತ್ಸೆಯಾದರೆ, ತಾಯಿ ಮಗು ಸ್ಥಿರವಾಗಿದ್ದಲ್ಲಿ ಮಗುವನ್ನು ಥಿಯೇಟರಿನಲ್ಲಿಯೇ ತಾಯಿಯ ಎದೆಗೆ ಕೊಡಬೇಕು, ನೋವಿನ ಮಾತ್ರೆಯನ್ನು ಕಣ್ಣೆದುರೇ ನುಂಗಿಸಿ, ಹಾಲಿಗೆ ತೊಂದರೆಯಿಲ್ಲವೆಂದು ಜೊತೆಯಲ್ಲಿರುವ ಹಿರಿಯರಿಗೂ ಹೇಳಬೇಕು, ಡ್ರಿಪ್‌ನ ಸೂಜಿ ಕೆಲಸ ಮುಗಿದೊಡನೆ ತೆಗೆಯಬೇಕು.